ಬೆಳಿಗ್ಗೆ ಏಳೂವರೆಯ ಮನೆ

ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ, ಮನೆಯೊಳಗಿನ ಓಡಾಟದ ಬಗ್ಗೆ ಆರ್ಕಿಟೆಕ್ಟನಾಗಿ ನಾನು ಆಡಿದ ಮಾತು ಇದು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆ ಮುಗಿದ ಮೇಲೆ ನಡೆದದ್ದನ್ನು ಕೊನೆಗೆ ಸೇರಿಸಿದ್ದೇನೆ.

ನಮಸ್ಕಾರ. ಕರೆದವರು ಸ್ಲೈಡ್ ಇದ್ದರೆ ತನ್ನಿ ಎಂದಿದ್ದರು. ನಾನು ತಂದಿರುವುದು ಈ ಹಲಗೆ ಒಂದೇ. ಡೊಂಬಿವಲಿಯ ಒಂದು ಫ್ಲ್ಯಾಟಿನ ನಕ್ಷೆ ಇದರ ಮೇಲೆ ಅಂಟಿಸಿದೆ. ಒಲೆ, ಸಿಂಕು, ಫ್ರಿಜ್ಜು, ಬಾತ್‌ರೂಮು, ಕಪಾಟು, ಹೊರಬಾಗಿಲು, ಒಂದೊಂದಕ್ಕೂ ಒಂದು ಗುಂಡುಸೂಜಿ. ಸೂಜಿಯಿಂದ ಸೂಜಿಗೆ ಐದು ಬಣ್ಣದ ದಾರ. ಹಿಂದಿನ ಸಾಲಿನವರಿಗೆ ಯಾರೋ ಅರ್ಧಕ್ಕೆ ಬಿಟ್ಟ ಕಸೂತಿಯ ಹಾಗೆ ಕಾಣಬಹುದು. ಇದು ಒಂದು ಸಂಸಾರದ ಎರಡೂವರೆ ಗಂಟೆ. ಕನ್ನಡದಲ್ಲಿ ದಾರಕ್ಕೂ ದಾರಿಗೂ ಒಂದು ಗುಡಿಸಷ್ಟೇ ವ್ಯತ್ಯಾಸ, ನನ್ನ ಕೆಲಸಕ್ಕೆ ಅದು ಅನುಕೂಲವೇ ಆಯಿತು.

ಮನೆಯವರು ಐದು ಜನ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ, ಒಂಬತ್ತನೇ ಕ್ಲಾಸಿನ ಮಗಳು, ವಿಜಯಪುರದ ಕಡೆಯ ಅಜ್ಜಿ. ಜಾಗ 480 ಚದರಡಿ. 'ಮನಿ ಸಾಲವಲ್ದು, ಒಂದು ಗ್ವಾಡಿ ತಗದು ದೊಡ್ಡದು ಮಾಡಿಕೊಡ್ರಿ' ಎಂದು ಬಂದಿದ್ದರು. ಗೋಡೆಯ ಮಾತು ಆಮೇಲೆ, ಮೊದಲು ಒಂದು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಸುಮ್ಮನೆ ಕೂತಿರುತ್ತೇನೆ ಎಂದೆ. ಐದೂಕಾಲಿಗೆ ಹೋಗಿ ಹೊರಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಐದೂವರೆಗೆ ನೀರು ಬಂತು. ಅಲ್ಲಿಂದ ಎಂಟರವರೆಗೆ ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದು ಬರೆದುಕೊಂಡೆ, ಅಷ್ಟೇ. ಮೊದಲ ಹತ್ತು ನಿಮಿಷ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು. ಆಮೇಲೆ ನಾನು ಇದ್ದೇನೆ ಎಂಬುದೇ ಮರೆತುಹೋಯಿತು. ಬೆಳಗಿನ ಹೊತ್ತು ಯಾರಿಗೂ ಅಷ್ಟು ಪುರುಸೊತ್ತಿಲ್ಲ.

ಸಂಜೆ ಅವರೆದುರಿಗೇ ದಾರ ಕಟ್ಟಿದೆ. ಮಗನದು ಈ ನೀಲಿ: ಹಾಸಿಗೆ, ಬಾತ್‌ರೂಮು, ಊಟದ ಕುರ್ಚಿ, ಬಾಗಿಲು. ಮುಗಿಯಿತು. ಅಪ್ಪನದು ಹಸಿರು, ಅದಕ್ಕಿಂತ ಸ್ವಲ್ಪ ಉದ್ದ. ತಾಯಿಯದು ಕೆಂಪು. ನಾನು ತಂದಿದ್ದ ಕೆಂಪು ದಾರ ಸಾಲದೆ ಹೋಗಿ, ಆಕೆಯೇ ಎದ್ದು ತನ್ನ ಹೊಲಿಗೆ ಡಬ್ಬಿಯಿಂದ ಇನ್ನೊಂದು ರೀಲು ತಂದುಕೊಟ್ಟರು. ನಾನು ಬಾಯಿ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಮಗ ಹಲಗೆಯನ್ನೇ ನೋಡುತ್ತ ಕೂತಿದ್ದ.

ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದೆ. ಏಳರಿಂದ ಏಳೂವರೆಯೊಳಗೆ ಆ ಮನೆಯಲ್ಲಿ ಪಕ್ಕಕ್ಕೆ ಸರಿಯಲು ಹೇಳುವ 'ಸರಿ ಸರಿ', 'ಸ್ವಲ್ಪ ಸರಿ', 'ಸರ್ಕೋ' ಎಷ್ಟು ಸಲ ಕೇಳುತ್ತದೆ ಎಂದು. ಮೂವತ್ತರ ತನಕ ಎಣಿಸಿ ಬಿಟ್ಟೆ. ಮುಂಬಯಿಯಲ್ಲಿ ಮನೆ ಎಂದರೆ ನಾವು ಚದರಡಿ ಕೇಳುತ್ತೇವೆ. ನಾನು ಈಗ 'ಸರಿ ಸರಿ' ಎಷ್ಟು ಎಂದು ಕೇಳುತ್ತೇನೆ. ಮನೆ ಚಿಕ್ಕದು ಎಂದು ನಮಗೆ ಅನ್ನಿಸುವುದು ಗೋಡೆಗಳ ನಡುವಿನ ಅಳತೆಯಿಂದ ಅಲ್ಲ, ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದರಿಂದ.

ಈ ಲೆಕ್ಕ ನಾನು ಕಂಡುಹಿಡಿದದ್ದಲ್ಲ. 1910ರ ದಶಕದಲ್ಲಿ ಅಮೆರಿಕದ ಕ್ರಿಸ್ಟೀನ್ ಫ್ರೆಡ್ರಿಕ್ ಅಡುಗೆಮನೆಯ ಎರಡು ನಕ್ಷೆ ಬರೆದು ಅಡುಗೆಯವಳ ನಡಿಗೆಯನ್ನು ಗೆರೆ ಎಳೆದು ತೋರಿಸಿದಳು. ಒಂದರಲ್ಲಿ ಗೆರೆಗಳೆಲ್ಲ ಸಿಕ್ಕುಸಿಕ್ಕು, ಇನ್ನೊಂದರಲ್ಲಿ ಒಂದರ ಹಿಂದೊಂದು. ಕಾರ್ಖಾನೆಯಲ್ಲಿ ಕೂಲಿಯವನ ಕೈಕಾಲಿನ ಲೆಕ್ಕ ಇಡುತ್ತಿದ್ದ ಕಾಲ ಅದು, ಆ ಲೆಕ್ಕ ಹೀಗೆ ಅಡುಗೆಮನೆಗೆ ಬಂತು. 1926ರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯುಟೆ ಲಿಹೊಟ್ಸ್ಕಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕಾರ್ಮಿಕರಿಗಾಗಿ ಕಟ್ಟುತ್ತಿದ್ದ ಮನೆಗಳಿಗೆ ಒಂದು ಅಡುಗೆಮನೆ ಮಾಡಿಕೊಟ್ಟಳು. ಅಗಲ 1.9 ಮೀಟರ್, ಉದ್ದ 3.44. ನಿಂತಲ್ಲಿಂದ ಎರಡು ಹೆಜ್ಜೆಗೆ ಎಲ್ಲವೂ ಕೈಗೆ ಸಿಗುತ್ತಿತ್ತು. ಅಂಥವು ಸುಮಾರು ಹತ್ತು ಸಾವಿರ ಕಟ್ಟಿದರು. ನಾವು ಇಂದು ಮಾಡ್ಯುಲರ್ ಕಿಚನ್ ಎಂದು ಲಕ್ಷಗಟ್ಟಲೆ ಕೊಡುತ್ತೇವಲ್ಲ, ಅದರ ಅಜ್ಜಿ ಇದು. ಅದನ್ನು ಮಾಡುವ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಳು. ನನಗೆ ಆಕೆಯ ಮೇಲೆ ಗೌರವ ಹೆಚ್ಚಾದದ್ದು ಈ ಮಾತಿನಿಂದ.

ಆಕೆ ಮಾದರಿಯಾಗಿ ನೋಡಿದ್ದರಲ್ಲಿ ರೈಲಿನ ಊಟದ ಡಬ್ಬಿಯ ಅಡುಗೆಮನೆಯೂ ಒಂದು. ಇದನ್ನು ಕಾಲೇಜಿನಲ್ಲಿ ಓದಿದಾಗ ನನಗೆ ನಗು ಬಂದಿತ್ತು. ಯಾಕೆಂದರೆ ನಾನು ಅಂಥದ್ದನ್ನು ಹುಡುಕಿಕೊಂಡು ಜರ್ಮನಿಯವರೆಗೆ ಹೋಗಬೇಕಿರಲಿಲ್ಲ. ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲೇ, ಈ ಸಭಾಂಗಣದಿಂದ ನಡೆದುಹೋಗುವಷ್ಟು ದೂರದ ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ರಜೆಯಲ್ಲಿ ನಾನು ಅಲ್ಲಿ ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ದೋಸೆ ಕಾವಲಿಯವರು ಇಡೀ ದಿನ ಒಂದೂವರೆ ಹೆಜ್ಜೆಯ ಆಚೆ ಕಾಲಿಡುತ್ತಿರಲಿಲ್ಲ. ಹಿಟ್ಟು ಎಡಕ್ಕೆ, ಎಣ್ಣೆ ಬಲಕ್ಕೆ, ಪಲ್ಯ ಕೈಯಳತೆಯಲ್ಲಿ. ಕಾಫಿಯವರು ಬಾಗಿಲ ಹತ್ತಿರ, ಯಾಕೆಂದರೆ ಎಲ್ಲಕ್ಕಿಂತ ಹೆಚ್ಚು ಸಲ ಹೊರಗೆ ಹೋಗುವುದು ಕಾಫಿ. ಎಂಜಲು ತಟ್ಟೆ ಒಳಗೆ ಬರುವ ದಾರಿ ಬೇರೆ, ಬಿಸಿ ತಟ್ಟೆ ಹೊರಗೆ ಹೋಗುವ ದಾರಿ ಬೇರೆ. ಕ್ಲೀನರ್ ಹುಡುಗ ತಪ್ಪಿ ಸಪ್ಲಾಯರ್ ದಾರಿಗೆ ಬಂದರೆ ಗಲ್ಲಾದಿಂದಲೇ ಬೈಗುಳ. ಒಬ್ಬ ಆರ್ಕಿಟೆಕ್ಟನೂ ಬಂದು ನೋಡಿರಲಿಲ್ಲ. ಜಾಗ ಇಕ್ಕಟ್ಟು, ಬಾಡಿಗೆ ಹೆಚ್ಚು, ಗಿರಾಕಿಗೆ ಅವಸರ. ಅಷ್ಟರಿಂದಲೇ ಆದ ವಿನ್ಯಾಸ ಅದು.

ಅದೇ ಅಪ್ಪ ಮನೆಗೆ ಬಂದರೆ ನೀರು ಕುಡಿಯಲು ಲೋಟ ಎಲ್ಲಿದೆ ಎಂದು ಕೇಳುತ್ತಿದ್ದರು. ಅದು ಬೇರೆ ಕತೆ. ಅಥವಾ ಅದೇ ಕತೆಯೋ ಏನೋ, ಮುಂದೆ ಬರುತ್ತೇನೆ.

ಈಗ ನಾನು ತಿಂದ ಒಂದು ಪೆಟ್ಟು ಹೇಳುತ್ತೇನೆ. ಆರ್ಕಿಟೆಕ್ಚರ್ ಓದಿದವರಿಗೆಲ್ಲ ಅಡುಗೆಮನೆಯ ತ್ರಿಕೋನ ಬಾಯಿಪಾಠ: ಒಲೆ, ಸಿಂಕು, ಫ್ರಿಜ್ಜು. 1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಗಟ್ಟಿ ಮಾಡಿದ ಸೂತ್ರ. ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಸೇರಿ 13 ಅಡಿಗೆ ಕಡಿಮೆ ಬೇಡ, 26 ಮೀರಬಾರದು. ಡೊಂಬಿವಲಿಯ ಅಡುಗೆಮನೆಗೆ ನಾನು ಮೊದಲು ಬರೆದ ನಕ್ಷೆಯಲ್ಲಿ ತ್ರಿಕೋನ ಎಷ್ಟು ಚೆಂದ ಕೂತಿತ್ತೆಂದರೆ ನಾನೇ ಫೋಟೋ ತೆಗೆದಿಟ್ಟುಕೊಂಡಿದ್ದೆ. ಅಜ್ಜಿ ನಕ್ಷೆ ನೋಡಿ ಕೇಳಿದ್ದು ಒಂದೇ ಮಾತು: 'ರೊಟ್ಟಿ ಎಲ್ಲಿ ಬಡೀಲಿ?'

ಜೋಳದ ರೊಟ್ಟಿ ಆ ತ್ರಿಕೋನದಲ್ಲಿ ಇಲ್ಲವೇ ಇಲ್ಲ. ಬಿಸಿನೀರಲ್ಲಿ ಹಿಟ್ಟು ನಾದಬೇಕು, ಮೈಭಾರ ಹಾಕಿ. ಆಮೇಲೆ ಬಡಿಯಬೇಕು, ಅಂಗೈಯಗಲದಿಂದ ತಟ್ಟೆಯಗಲಕ್ಕೆ ತಿರುಗಿಸುತ್ತ ತಿರುಗಿಸುತ್ತ. ಬಡಿದದ್ದನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಬೇಕು. ಇದಕ್ಕೆ ಎರಡೂವರೆ ಅಡಿ ಅಗಲದ ಗಟ್ಟಿ ಜಾಗ ಬೇಕು, ಅದು ಒಲೆಯ ಮಗ್ಗುಲಲ್ಲೇ ಇರಬೇಕು. ಎತ್ತರವೂ ಬೇರೆ. ಐದಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 38 ಇಂಚು. ಹೆಚ್ಚುವುದು, ಕಲಸುವುದಕ್ಕೆ ಕಟ್ಟೆ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿದ್ದರೆ ಸಾಕು. ಭಾರ ಹಾಕಿ ಒತ್ತುವ ಕೆಲಸಕ್ಕೆ ಇನ್ನೂ ಕೆಳಗೆ ಇರಬೇಕು. ಬಿಲ್ಡರು ಎಲ್ಲರಿಗೂ ಒಂದೇ ಎತ್ತರಕ್ಕೆ ಕಡಪಾ ಕಲ್ಲು ಕೂರಿಸಿ ಹೋಗಿರುತ್ತಾನೆ. ಅಜ್ಜಿ ಇಷ್ಟು ವರ್ಷ ನೆಲದ ಮೇಲೆ ಕೂತು ಬಡಿದು, ಪ್ರತಿ ರೊಟ್ಟಿಗೂ ಮೊಣಕಾಲೂರಿ ಎದ್ದು ಹಂಚಿಗೆ ಹಾಕುತ್ತಿದ್ದರು. ಹಲಗೆಯ ಮೇಲೆ ಅವರ ಹಳದಿ ದಾರ ಇಲ್ಲಿ ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಗಂಟಾಗಿದೆ ನೋಡಿ, ಅದು ರೊಟ್ಟಿ. ದೂರದ ಲೆಕ್ಕಕ್ಕೆ ಆ ದಾರ ತುಂಬ ಗಿಡ್ಡ. ಏಳುವುದು ಕೂರುವುದು ದಾರದಲ್ಲಿ ಕಾಣುವುದಿಲ್ಲ.

ತ್ರಿಕೋನ ಬಿಟ್ಟೆ. ಒಲೆಯ ಎಡಕ್ಕೆ 29 ಇಂಚು ಎತ್ತರದಲ್ಲಿ ಒಂದು ತಗ್ಗು ಕಟ್ಟೆ ಮಾಡಿಸಿ, ಅದರ ಅಡಿಯಲ್ಲಿ ದಪ್ಪ ರಬ್ಬರ್ ಹಾಕಿಸಿದೆ. ರಬ್ಬರ್ ಕೆಳಗಿನ ಮನೆಯವರಿಗಾಗಿ. ಬೆಳಿಗ್ಗೆ ಆರಕ್ಕೆ ತಲೆಯ ಮೇಲೆ ದಪದಪ ಎಂದರೆ ಯಾರಿಗೂ ಸಿಟ್ಟು ಬರುತ್ತದೆ.

'ಹಳೇ ಕಾಲದ ಮನೆಗಳಲ್ಲಿ ಇದೆಲ್ಲ ಇತ್ತಲ್ಲ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇತ್ತು. ಊರಲ್ಲಿ ನಮ್ಮ ಅಜ್ಜನ ಮನೆಯಲ್ಲಿ ಗದ್ದೆಯಿಂದ ಬಂದವರು ಎದುರು ಬಾಗಿಲಿಗೆ ಬರುತ್ತಿರಲಿಲ್ಲ. ಹಿತ್ತಿಲಿಗೆ ಸುತ್ತಿ ಬಾವಿ, ಬಚ್ಚಲು, ಹಂಡೆಯ ಬಿಸಿನೀರು, ಆಮೇಲೆ ಒಳಗೆ. ಕೆಸರು ಹೊರಗೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗುತ್ತಿದ್ದುದು ಒಲೆಯ ಮೇಲಿನ ಬಿದಿರ ಗಳುವಿನಲ್ಲಿ, ಹೊಗೆಯ ವಾಸನೆ ಹೊತ್ತುಕೊಂಡು. ನೆಂಟರು ಜಗಲಿಯಲ್ಲಿ, ತೀರಾ ಹತ್ತಿರದವರು ಚಾವಡಿಯಲ್ಲಿ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮನೆಯೇ ಹೇಳುತ್ತಿತ್ತು. ಅದನ್ನೇ ನಾನು ಹಾಡಿ ಹೊಗಳಲಾರೆ. ಯಾಕೆಂದರೆ ಅಂಗಳದ ಆಚೆಯೇ ನಿಲ್ಲಬೇಕಾದವರೂ ಇದ್ದರು. ತಿಂಗಳಿಗೆ ಮೂರು ದಿನ ಅಮ್ಮನ ದಾರಿ ಹಿಂಬದಿಯ ಕೋಣೆಯೊಳಗೇ ಮುಗಿಯುತ್ತಿತ್ತು. ಇಲ್ಲಿನ ಎಷ್ಟೋ ಬಿಲ್ಡಿಂಗುಗಳಲ್ಲಿ ಕೆಲಸದವರ ಲಿಫ್ಟ್ ಬೇರೆ ಇದೆಯಲ್ಲ, ಅದೂ ಅದೇ ನಕ್ಷೆ, ಇಪ್ಪತ್ತು ಮಹಡಿ ಎತ್ತರಕ್ಕೆ ನಿಂತಿದೆ ಅಷ್ಟೇ.

ಚಾಳಿನದು ಇನ್ನೊಂದು ಬಗೆ. ವರ್ಳಿ, ನಾಯಗಾಂವ್, ಶಿವಡಿ, ಎನ್. ಎಂ. ಜೋಶಿ ಮಾರ್ಗ ಸೇರಿ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳು 207 ಕಟ್ಟಡ ಇದ್ದವು, 1920ರ ದಶಕದವು. ಒಂದು ಖೋಲಿ, ಅಂದರೆ ಕೋಣೆ, 160 ಚದರಡಿ, ಮೂಲೆಯಲ್ಲಿ ತೊಳೆಯಲು ಒಂದು ಮೋರಿ. ಅಂಥ ಒಂದು ಖೋಲಿಯಲ್ಲಿ ನಮ್ಮ ದೊಡ್ಡಪ್ಪನ ಸಂಸಾರ ಎಂಟು ಜನ ಇದ್ದರು. ಅಲ್ಲಿ ಜನ ಸರಿಯುತ್ತಿರಲಿಲ್ಲ, ಮನೆಯೇ ಸರಿಯುತ್ತಿತ್ತು. ಹಾಸಿಗೆ ಸುತ್ತಿ ಅಟ್ಟಕ್ಕೆ ಏರಿದರೆ ಅದೇ ನೆಲ ಅಡುಗೆಮನೆ, ಆಮೇಲೆ ಶಾಲೆ, ರಾತ್ರಿ ಮತ್ತೆ ಮಲಗುವ ಕೋಣೆ. ಮಿಲ್ಲಿನ ರಾತ್ರಿ ಪಾಳಿಯವರು ಬಂದು ಮಲಗುವ ಹೊತ್ತಿಗೆ ಹಗಲು ಪಾಳಿಯವರು ಎದ್ದಿರುತ್ತಿದ್ದರು. ಜಾಗ ಇಲ್ಲದವರು ಹೊತ್ತನ್ನು ಹಂಚಿಕೊಂಡರು. ಈಗ ಅವರಿಗೆ 500 ಚದರಡಿಯ ಫ್ಲ್ಯಾಟು ಸಿಗುತ್ತಿದೆ, ಸಂತೋಷ. ಆದರೆ ಖೋಲಿಯ ಹೊರಗಿನ ಉದ್ದ ಪ್ಯಾಸೇಜಿನಲ್ಲಿ ಅಕ್ಕಿ ಆರಿಸುತ್ತಿದ್ದವರು, ಓದುತ್ತಿದ್ದವರು, ಮಲಗುತ್ತಿದ್ದವರು ಎಲ್ಲ ಈಗ ಒಳಗೆ. 160ರ ಲೆಕ್ಕದಲ್ಲಿ ಆ ಪ್ಯಾಸೇಜನ್ನು ಯಾರೂ ಹಿಡಿದಿರಲಿಲ್ಲ.

ಇದನ್ನು ಲೆಕ್ಕಕ್ಕೆ ಹಿಡಿದವರು ಆರ್ಕಿಟೆಕ್ಟ್ ಚಾರ್ಲ್ಸ್ ಕೊರೆಯಾ. ಹಾರ್ಬರ್ ಲೈನ್ ರೈಲು ಹಿಡಿದು ನವಿ ಮುಂಬಯಿಯ ಬೇಲಾಪುರಕ್ಕೆ ಹೋಗಿ ಒಂದು ಭಾನುವಾರ ನೋಡಿ ಬನ್ನಿ. 1980ರ ದಶಕದಲ್ಲಿ ಸುಮಾರು 550 ಸಂಸಾರಗಳಿಗೆ ಅವರು ಮಾಡಿದ ಬಡಾವಣೆ ಅಲ್ಲಿದೆ. ಏಳೇಳು ಮನೆ ಒಂದು ಅಂಗಳದ ಸುತ್ತ. ಮನೆ ಮನೆಗೆ ಗೋಡೆ ಅಂಟಿಸಲಿಲ್ಲ, ಮುಂದೆ ಯಾರಿಗೆ ಬೇಕಾದರೂ ಒಂದು ಕೋಣೆ ಏರಿಸಿಕೊಳ್ಳಲಿ ಎಂದು. ಹಲವರು ಏರಿಸಿದರು, ಕೆಲವರು ಕೊರೆಯಾ ಅವರ ಮನೆಯನ್ನೇ ಕೆಡವಿ ಹೊಸದು ಕಟ್ಟಿದರು. ಆರ್ಕಿಟೆಕ್ಟರು ಅದನ್ನು ನೋಡಿ ಅಯ್ಯೋ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಡೆ ಬದಲಾದವು, ಅಂಗಳಕ್ಕೆ ಬರುವ ದಾರಿ ಉಳಿಯಿತು.

ಈಗ ಲೋಟದ ಮಾತಿಗೆ ಬರುತ್ತೇನೆ. ಹಲಗೆಯ ಮುಂದೆ ನಾನು ಕಲಿತದ್ದು ಇದು: ಒಂದು ವಸ್ತು ಎಲ್ಲಿದೆಯೋ, ಅದರ ಕೆಲಸ ಅಲ್ಲಿ ನಿಂತವರ ಪಾಲಿಗೆ ಬೀಳುತ್ತದೆ. ನೀರಿನ ಬಾಟಲಿ ಅಡುಗೆಮನೆಯ ಒಳಗೆ, ಸಿಂಕಿನ ಮೇಲಿನ ಶೆಲ್ಫಿನಲ್ಲಿ ಇರುವಷ್ಟು ದಿನ ನಾಲ್ಕು ಬಾಟಲಿ ತುಂಬುವುದು ತಾಯಿಯ ಕೆಲಸ. ಅಡುಗೆಮನೆಯೊಳಗೆ ಇಬ್ಬರಿಗೆ ಜಾಗ ಇಲ್ಲ, ಮಗ ಬಂದರೆ ಆಕೆಯೇ 'ನೀ ಹೋಗು, ನಾ ಕೊಡ್ತೀನಿ' ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು, ಇಪ್ಪತ್ತು ವರ್ಷಕ್ಕೆ. ನಾವು ಡೊಂಬಿವಲಿಯಲ್ಲಿ ನೀರಿನ ಫಿಲ್ಟರನ್ನು ಅಡುಗೆಮನೆಯಿಂದ ತೆಗೆದು ಊಟದ ಮೇಜಿನ ಪಕ್ಕದ ಗೋಡೆಗೆ ಹಾಕಿದೆವು. ಕೆಳಗೆ ಬಾಟಲಿ, ಟಿಫಿನ್ ಡಬ್ಬಿ, ಚಮಚ. ಮಗನ ನೀಲಿ ದಾರ ಹೇಗೂ ಅಲ್ಲೇ ಹಾದು ಬಾಗಿಲಿಗೆ ಹೋಗುತ್ತಿತ್ತು. ಯಾರೂ ಯಾರಿಗೂ ಭಾಷಣ ಮಾಡಲಿಲ್ಲ. ತಿಂಗಳಾದ ಮೇಲೆ ಹೋದಾಗ ಅವನೇ ತುಂಬಿಕೊಳ್ಳುತ್ತಿದ್ದ, ತಂಗಿಯದನ್ನೂ. ಅಪ್ಪನದು ಮಾತ್ರ ಈಗಲೂ ತಾಯಿಯೇ ತುಂಬುತ್ತಾರೆ. ವಿನ್ಯಾಸದ ಶಕ್ತಿಗೂ ಮಿತಿ ಇದೆ.

ಗೋಡೆ ಒಡೆಯಲಿಲ್ಲ. ಹಲ್ಲುಜ್ಜುವ ಬೇಸಿನ್ನು, ಕನ್ನಡಿ ಎರಡನ್ನೂ ಬಾತ್‌ರೂಮಿನಿಂದ ಹೊರಗೆ ತಂದು ಪ್ಯಾಸೇಜಿನ ಗೋಡೆಗೆ ಕೂರಿಸಿದೆವು. ಒಬ್ಬರು ಸ್ನಾನಕ್ಕೆ ಹೋದರೆ ನಾಲ್ವರು ಕಾಯಬೇಕಾಗಿದ್ದುದು ಅದರಿಂದಲೇ. ಫ್ರಿಜ್ಜಿನ ಬಾಗಿಲು ತೆರೆದರೆ ಪ್ಯಾಸೇಜು ಮುಚ್ಚುತ್ತಿತ್ತು, ಅದನ್ನು ಮೂರಡಿ ಆಚೆಗೆ ಸರಿಸಿದೆವು. ಬಟ್ಟೆಯ ಕಪಾಟನ್ನು ವಾಷಿಂಗ್ ಮೆಷಿನ್ ಇದ್ದ ಬಾಲ್ಕನಿಯ ಕಡೆಗೆ ತಂದೆವು. ಒಗೆದು, ಒಣಗಿಸಿ, ಮಡಚಿ, ಇಡುವುದೆಲ್ಲ ಒಂದೇ ಸಾಲಿಗೆ ಬಂತು. ಕುರ್ಚಿಯ ಮೇಲೆ ಬಟ್ಟೆಯ ರಾಶಿ ಬೀಳುವುದು ಜನ ಸೋಮಾರಿಗಳು ಎಂದಲ್ಲ. ಒಣಗುವ ಜಾಗಕ್ಕೂ ಕಪಾಟಿಗೂ ನಡುವೆ ಆ ಕುರ್ಚಿ ಇದೆ ಎಂದು.

ವಾಸ್ತುವಿನ ಬಗ್ಗೆ ಆಮೇಲೆ ಹೇಗೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಅಡುಗೆಮನೆ ಆಗ್ನೇಯಕ್ಕೆ ಬೇಕೆಂದರೆ ಇರಲಿ, ನನ್ನ ತಕರಾರಿಲ್ಲ. ದೇವರ ಮೂಲೆಗೆ ಹೋಗಲು ಬಾತ್‌ರೂಮಿನ ಎದುರೇ ಹಾಯಬೇಕಾದರೆ ಮಾತ್ರ ದಿಕ್ಸೂಚಿ ಬಿಟ್ಟು ದಾರಿ ನೋಡಿ.

ರಾತ್ರಿಯ ದಾರಿಯ ಬಗ್ಗೆ ಹೇಳಲು ನನಗೆ ಕಷ್ಟ. ಬೆಳಗಿನ ದಾರಿಗಳನ್ನು ಇಷ್ಟು ಎಣಿಸುವ ನಾನು, ನಾನೇ ವಿನ್ಯಾಸ ಮಾಡಿದ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಎರಡು ಗಂಟೆಯ ಒಂದು ದಾರಿಯನ್ನು ಎಣಿಸಿರಲಿಲ್ಲ. ಅಪ್ಪನ ಮಂಚದಿಂದ ಬಾತ್‌ರೂಮಿಗೆ ಹತ್ತೊಂಬತ್ತು ಹೆಜ್ಜೆ, ಎರಡು ತಿರುವು. ದಾರಿಯಲ್ಲಿ ನನಗೆ ತುಂಬ ಇಷ್ಟವಾಗಿ ಮಾಡಿಸಿದ ಸಾಗುವಾನಿ ಬೆಂಚು. ಬಾತ್‌ರೂಮಿನ ನೆಲ ಒಂದೂವರೆ ಇಂಚು ತಗ್ಗು, ನೀರು ಹೊರಗೆ ಬರದಿರಲಿ ಎಂದು. ಅಪ್ಪನ ಕಾಲು ಆ ಒಂದೂವರೆ ಇಂಚಿಗೆ ತಪ್ಪಿತು. ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನಾನು ಹೊರಗಿನಿಂದ ತಳ್ಳಿದಷ್ಟೂ ಅದು ಅವರ ಮೈಗೆ ಒತ್ತುತ್ತಿತ್ತು. 'ತಳ್ಳಬೇಡ ಮಾರಾಯ' ಎಂದು ಒಳಗಿನಿಂದ ಹೇಳುತ್ತಲೇ ಇದ್ದರು. ಕೊನೆಗೆ ಬಾಗಿಲ ಮೇಲಿನ ವೆಂಟಿಲೇಟರಿನ ಗಾಜು ತೆಗೆದು ಪಕ್ಕದ ಮನೆಯ ಹುಡುಗನನ್ನು ಇಳಿಸಿದೆವು. ಮಣಿಕಟ್ಟು ಮುರಿದದ್ದರಲ್ಲೇ ಹೋಯಿತು, ನಮ್ಮ ಪುಣ್ಯ.

ಅವತ್ತಿನಿಂದ ನಾನು ಬರೆಯುವ ಯಾವ ಮನೆಯಲ್ಲೂ ಬಾತ್‌ರೂಮಿನ ಬಾಗಿಲು ಒಳಕ್ಕೆ ತೆರೆಯುವುದಿಲ್ಲ. ಹೊರಕ್ಕೆ, ಇಲ್ಲವೇ ಜಾರುಬಾಗಿಲು, ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು. ನೆಲ ಸಮ, ನೀರಿಗೆ ಇಳಿಜಾರು ಮೂಲೆಯಲ್ಲಿ. ಮಂಚದಿಂದ ಅಲ್ಲಿಯವರೆಗೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸಣ್ಣ ದೀಪ, ಕೈ ಆಡುವಲ್ಲೆಲ್ಲ ಹಿಡಿ. ಬಾಗಿಲು ಮೂರಡಿ ಅಗಲ. ಇಂದು ಯಾರಿಗೂ ಬೇಡವಾಗಿರಬಹುದು, ಗಾಲಿಕುರ್ಚಿ ಬರುವ ದಿನ ಗೋಡೆ ಒಡೆಯಲು ಆಗುವುದಿಲ್ಲ. ಬೆಂಚನ್ನು ಮಾರಿಬಿಟ್ಟೆ.

ನಿಮ್ಮಲ್ಲಿ ಕೆಲವರು ಊರಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ರಿಟೈರ್ ಆದ ಮೇಲೆ ಹೋಗಿ ಇರಲು. ನಕ್ಷೆ ತಂದು ತೋರಿಸುತ್ತೀರಿ. ಕೆಳಗೆ ದೊಡ್ಡ ಹಾಲ್, ಮಲಗುವ ಕೋಣೆ ಎಲ್ಲ ಮೇಲೆ. ಅರವತ್ತೈದರಲ್ಲಿ ಆ ಮೆಟ್ಟಿಲನ್ನು ದಿನಕ್ಕೆಷ್ಟು ಸಲ ಹತ್ತುತ್ತೀರಿ? ಒಂದು ಕೋಣೆ, ಒಂದು ಬಚ್ಚಲು ಕೆಳಗಿರಲಿ. ಮೆಟ್ಟಿಲು ಆರೂವರೆ ಇಂಚಿಗಿಂತ ಎತ್ತರ ಬೇಡ, ಪಾದ ಇಡುವ ಜಾಗ ಹನ್ನೊಂದು ಇಂಚು ಇರಲಿ. ಎರಡು ಎತ್ತರ, ಒಂದು ಅಗಲ ಕೂಡಿಸಿದರೆ ಇಷ್ಟೇ ಬರಬೇಕು ಎಂಬುದು 17ನೇ ಶತಮಾನದ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ ಹಾಕಿಕೊಟ್ಟ ಲೆಕ್ಕ, ಇಂದು ಅದನ್ನು 60ರಿಂದ 64 ಸೆಂಟಿಮೀಟರ್ ಎಂದು ಹಿಡಿಯುತ್ತಾರೆ. ಮನುಷ್ಯನ ಹೆಜ್ಜೆಯಿಂದ ತೆಗೆದದ್ದು, ಮೊಣಕಾಲಿಗೆ ಇವತ್ತಿಗೂ ಗೊತ್ತಾಗುತ್ತದೆ.

ಮಾತು ಇಲ್ಲಿಗೆ ನಿಲ್ಲಿಸಿದೆ. ಪ್ರಶ್ನೆ ಕೇಳಲು ಮೊದಲು ಎದ್ದವರು ಮುಲುಂಡಿನ ಒಬ್ಬ ಹಿರಿಯರು. ಅವರ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಬಿಲ್ಡರು ಹೊಸ ಫ್ಲ್ಯಾಟಿನ ನಕ್ಷೆ ಕೊಟ್ಟು ಹದಿನೈದು ದಿನದಲ್ಲಿ ಸಹಿ ಕೇಳಿದ್ದಾರೆ. 'ನಕ್ಷೆ ನೋಡಿದರೆ ಎಲ್ಲ ಚೆಂದವೇ ಕಾಣುತ್ತದೆ. ಏನು ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ' ಎಂದರು. ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯ ಲೆಕ್ಕದ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಫ್ಲ್ಯಾಟಿನ ಒಳಗಿನ ಅಳತೆಯಲ್ಲಿ, ಒಳಗಿನ ಗೋಡೆಗಳ ದಪ್ಪವೂ ಸೇರಿರುತ್ತದೆ, ಬಾಲ್ಕನಿ ಸೇರುವುದಿಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ ಎಂದೆ. ಆಮೇಲೆ ನಿಮ್ಮ ಟೆರೇಸಿಗೆ ಹೋಗಿ ಇಡೀ ಫ್ಲ್ಯಾಟನ್ನು ಅಡಿಗೆ ಅಡಿಯಂತೆ ನೆಲದ ಮೇಲೆ ಬರೆದು ಒಂದು ಬೆಳಿಗ್ಗೆ ಅದರಲ್ಲಿ ಓಡಾಡಿ ಎಂದೆ. ಸಭೆ ನಕ್ಕಿತು. ಅವರು ನಗಲಿಲ್ಲ, ನನ್ನ ಫೋನ್ ನಂಬರ್ ಬರೆದುಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಅವರ ಟೆರೇಸಿನಲ್ಲಿದ್ದೆ. ಸೀಮೆಸುಣ್ಣ ಒರಟು ನೆಲಕ್ಕೆ ಹಿಡಿಯಲಿಲ್ಲ. ಅವರ ಹೆಂಡತಿ ಕೆಳಗೆ ಹೋಗಿ ರಂಗೋಲಿ ಪುಡಿ ತಂದು, ಬಗ್ಗಿ, ಹಿಡಿದ ಕೈ ನಡುಗದಂತೆ ಗೋಡೆ ಎಳೆದರು. ನನಗಿಂತ ನೇರವಾಗಿ. ಬಾಗಿಲುಗಳಿಗೆ ಕಾಲು ವೃತ್ತ ಹಾಕಿದೆವು. ಒಲೆಗೆ ಒಂದು ಇಟ್ಟಿಗೆ, ಫ್ರಿಜ್ಜಿಗೆ ಒಂದು ಕುರ್ಚಿ, ಮಂಚಕ್ಕೆ ಹಳೆಯ ಚಾಪೆ. ಅವರ ಹೆಂಡತಿ ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿ, 'ಇಲ್ಲಿ ಇಡ್ಲಿ ಪಾತ್ರೆ ಇಳಿಸಿದರೆ ಇಡೋದೆಲ್ಲಿ?' ಎಂದರು. ಒಲೆಯ ಎರಡೂ ಬದಿಗೆ ಸೇರಿ ಒಂದೂಕಾಲು ಅಡಿ ಕಟ್ಟೆ ಇತ್ತು. ಬೆಡ್‌ರೂಮಿನ ಬಾಗಿಲು ತೆರೆದರೆ ಬಾತ್‌ರೂಮಿನ ಬಾಗಿಲಿಗೆ ಬಡಿಯುತ್ತಿತ್ತು. ನಕ್ಷೆಯಲ್ಲಿ ಎರಡೂ ಮುಚ್ಚಿಕೊಂಡೇ ಇದ್ದವು.

ಎಂಟರ ಹೊತ್ತಿಗೆ ಬಿಲ್ಡಿಂಗಿನ ಅರ್ಧ ಜನ ಮೇಲೆ ಬಂದಿದ್ದರು. ಮೂರನೇ ಮಹಡಿಯವರು ತಮ್ಮ ಫ್ಲ್ಯಾಟು ಇದರ ಉಲ್ಟಾ ಎಂದು ಪಕ್ಕದಲ್ಲಿ ಇನ್ನೊಂದು ಬರೆಯಲು ಶುರುಮಾಡಿದರು, ರಂಗೋಲಿ ಪುಡಿ ಖಾಲಿಯಾಗಿ ಯಾರೋ ಗೋಧಿ ಹಿಟ್ಟು ತಂದರು. ಹಿರಿಯರ ಸೊಸೆ ಟ್ರೇಯಲ್ಲಿ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದವಳು ನೇರ ನನ್ನ ಕಡೆಗೇ ನಡೆದಳು. 'ಏ, ಅದು ಗೋಡೆ, ಬಾಗಿಲಿಂದ ಬಾ' ಎಂದು ಮೂರು ಜನ ಒಟ್ಟಿಗೆ ಕೂಗಿದರು. ಆಕೆ ಬೆಚ್ಚಿ ನಿಂತು ಕೆಳಗೆ ನೋಡಿದಳು. ಆಮೇಲೆ ಟ್ರೇ ಹಿಡಿದೇ ಹೊರಬಾಗಿಲಿಗೆ ಸುತ್ತಿ ಬಂದು, ಹಾಲ್ ದಾಟಿ, ಫ್ರಿಜ್ಜಿನ ಕುರ್ಚಿಯ ಹತ್ತಿರ ಸಿಕ್ಕಿಹಾಕಿಕೊಂಡು, ಮಾವನಿಗೆ ಹೇಳಿದಳು, 'ಸ್ವಲ್ಪ ಸರೀರಿ.'